ಒಂದು ಧನುರ್ವಾಯು ಚುಚ್ಚುಮದ್ದು, ಹಲವು ಭೇಟಿಗಳು: ಆರ್ಜಿತ ರೋಗನಿರೋಧಕತೆ ಎಚ್ಚರಗೊಳ್ಳುವ ಬಗೆಯನ್ನು ಹಾಳೆಯ ಮೇಲೆ ಬಿಡಿಸಿ ಕಲಿಯುವ ಸಮಗ್ರ ಮಾರ್ಗದರ್ಶಿ

ರೋಗನಿರೋಧಕ ವ್ಯವಸ್ಥೆಯ ಅಧ್ಯಾಯ ಓದಿ ಮುಗಿಸಿದ ವಿದ್ಯಾರ್ಥಿಗಳಿಗೆ ಹೆಸರುಗಳೆಲ್ಲ ಬಾಯಿಪಾಠವಾಗಿರುತ್ತವೆ. ಟಿ ಕೋಶ, ಬಿ ಕೋಶ, ಮ್ಯಾಕ್ರೊಫೇಜ್, ಸೈಟೊಕೈನ್, ಪ್ರತಿಕಾಯ. ಆದರೆ ಯಾವ ಕೋಶ ಯಾವುದನ್ನು ಎಲ್ಲಿ ಸಂಧಿಸುತ್ತದೆ, ಅಲ್ಲಿ ಏನು ಕೊಡುತ್ತದೆ, ಏನು ಪಡೆಯುತ್ತದೆ ಎಂದು ಕೇಳಿದರೆ ಹೆಚ್ಚಿನವರು ತಡವರಿಸುತ್ತಾರೆ. ಇದಕ್ಕೆ ಅವರನ್ನು ದೂರಿ ಪ್ರಯೋಜನವಿಲ್ಲ. ಸೇನೆ, ಸೈನಿಕ, ಶತ್ರು ಎಂದು ಶುರುವಾಗುವ ವಿವರಣೆಗಳಲ್ಲಿ ಮೇಲಿನವನು ಆಜ್ಞೆ ಕೊಡುತ್ತಾನೆ, ಕೆಳಗಿನವನು ಹೊಡೆಯುತ್ತಾನೆ. ದೇಹದಲ್ಲಿ ಅಂಥ ಮೇಲಿನವನು ಯಾರೂ ಇಲ್ಲ. ಅಲ್ಲಿರುವುದು ಪರಸ್ಪರ ಒಪ್ಪಿಗೆ. ಒಂದು ಕೋಶ ತಾನು ಕಂಡದ್ದನ್ನು ನಂಬಿ ಕೆಲಸಕ್ಕೆ ಇಳಿಯಬೇಕಾದರೆ ಇನ್ನೊಂದು ಕೋಶ ಬೇರೊಂದು ದಾರಿಯಿಂದ ಅದನ್ನು ಖಾತ್ರಿಪಡಿಸಬೇಕು. ಈ ಮಾರ್ಗದರ್ಶಿ ಆ ಒಪ್ಪಿಗೆಗಳನ್ನು ಒಂದೊಂದಾಗಿ ಹಾಳೆಯ ಮೇಲೆ ಬಿಡಿಸಿಕೊಳ್ಳುವುದು ಹೇಗೆಂದು ಹೇಳುತ್ತದೆ. ಪದವಿಪೂರ್ವ ಮಟ್ಟದ ಜೀವಶಾಸ್ತ್ರ ಗೊತ್ತಿದ್ದರೆ ಸಾಕು.

ಬರಿಯ ತತ್ತ್ವವಾಗಿ ಕಲಿತದ್ದು ಪರೀಕ್ಷೆ ಮುಗಿದ ಮರುದಿನ ಮರೆತುಹೋಗುತ್ತದೆ. ಆದ್ದರಿಂದ ಒಂದು ನಿಜವಾದ ಪ್ರಸಂಗವನ್ನು ಹಿಡಿದುಕೊಳ್ಳೋಣ. ಹಿಂದೆ ಒಮ್ಮೆಯೂ ಧನುರ್ವಾಯು ಲಸಿಕೆ ಹಾಕಿಸಿಕೊಳ್ಳದ ಒಬ್ಬ ಗರ್ಭಿಣಿ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ಬಂದಿದ್ದಾರೆ. ಅವರಿಗೆ ಟಿಡಿ ಲಸಿಕೆಯ ಮೊದಲ ಡೋಸ್ ಕೊಡುತ್ತಾರೆ: ಅರ್ಧ ಮಿಲಿಲೀಟರ್, ತೋಳಿನ ಮೇಲ್ಭಾಗದ ಸ್ನಾಯುವಿಗೆ. ನಾಲ್ಕು ವಾರ ಬಿಟ್ಟು ಎರಡನೆಯದು. ಈ ಲಸಿಕೆಯಲ್ಲಿ ಡಿಫ್ತೀರಿಯಾದ ಅಂಶವೂ ಇದೆ, ಅದನ್ನು ಸದ್ಯಕ್ಕೆ ಬದಿಗಿಡೋಣ. ಗರ್ಭಿಣಿಯ ಪ್ರಸಂಗವನ್ನೇ ಆರಿಸಿಕೊಂಡದ್ದಕ್ಕೆ ಕಾರಣವಿದೆ. ಇಲ್ಲಿ ಗುರಿ ತಾಯಿಯೊಬ್ಬರೇ ಅಲ್ಲ, ಹುಟ್ಟಲಿರುವ ಮಗುವೂ ಹೌದು. ತಾಯಿಯ ಪ್ರತಿಕಾಯ ಜರಾಯುವನ್ನು ದಾಟಿ ಮಗುವಿಗೆ ತಲುಪಬೇಕು, ಮತ್ತು ಎಲ್ಲ ಬಗೆಯ ಪ್ರತಿಕಾಯಗಳೂ ದಾಟುವುದಿಲ್ಲ. ದಾಟುವಂಥದ್ದು ತಯಾರಾಗಲು ಏನೇನು ನಡೆಯಬೇಕು ಎಂಬುದೇ ನಮ್ಮ ಹಾಳೆಯ ಕಥೆ.

ಹಾಳೆಯನ್ನು ಸಿದ್ಧಪಡಿಸಿಕೊಳ್ಳಿ

ಒಂದು ದೊಡ್ಡ ಹಾಳೆಯನ್ನು ಅಡ್ಡಲಾಗಿಟ್ಟು ಮೂರು ಚೌಕ ಹಾಕಿ. ಎಡಗಡೆ ಚಿಕ್ಕದು, ಅದು ತೋಳಿನ ಸ್ನಾಯು. ನಡುವೆ ಹಾಳೆಯ ಅರ್ಧಕ್ಕೂ ಹೆಚ್ಚು ಜಾಗ ತೆಗೆದುಕೊಳ್ಳುವಂಥದ್ದು, ಅದು ಕಂಕುಳಿನ ದುಗ್ಧಗ್ರಂಥಿ. ಬಲಗಡೆ ಮತ್ತೊಂದು ಚಿಕ್ಕದು, ಅಸ್ಥಿಮಜ್ಜೆ. ನಡುವಿನ ಚೌಕವನ್ನು ಮತ್ತೆ ಎರಡು ಮಾಡಿ. ಹೊರ ಅಂಚಿನಲ್ಲಿ ಕೆಲವು ವೃತ್ತಗಳನ್ನು ಎಳೆಯಿರಿ, ಅವು ಬಿ ಕೋಶಗಳ ಬೀಡು, ಹೆಸರು ಫಾಲಿಕಲ್. ಅದರ ಒಳಭಾಗ ಟಿ ಕೋಶಗಳ ವಲಯ. ಇವೆರಡರ ನಡುವಿನ ಗಡಿರೇಖೆಯನ್ನು ದಪ್ಪವಾಗಿ ಎಳೆಯಿರಿ. ಮುಖ್ಯ ವ್ಯವಹಾರವೆಲ್ಲ ಆ ಗಡಿಯಲ್ಲಿ ಆಗುತ್ತದೆ.

ಬಾಣಗಳನ್ನು ಪೆನ್ಸಿಲ್‌ನಲ್ಲೇ ಬಿಡಿಸಿ, ಕೊನೆಯಲ್ಲಿ ಅಳಿಸುವ ಕೆಲಸವಿದೆ. ಪ್ರತಿ ಬಾಣದ ಪಕ್ಕದಲ್ಲಿ ನಾಲ್ಕು ಉತ್ತರ ಬರೆಯಿರಿ: ಎಲ್ಲಿ, ಯಾವಾಗ, ಕೊಟ್ಟದ್ದೇನು, ಮರಳಿ ಪಡೆದದ್ದೇನು. ಇಲ್ಲಿ ಹೇಳುವ ಗಂಟೆ, ದಿನಗಳ ಲೆಕ್ಕ ಬಹುಪಾಲು ಇಲಿಗಳಲ್ಲಿ ನಡೆದ ಪ್ರಯೋಗಗಳಿಂದ ಬಂದದ್ದು. ಮನುಷ್ಯರಲ್ಲಿ ಸ್ವಲ್ಪ ಹಿಂದುಮುಂದಾದೀತು, ಅನುಕ್ರಮ ಮಾತ್ರ ಇದೇ.

ಹಂತ 1: ತೋಳಿನಲ್ಲಿ ಗಲಾಟೆ

ಮೊದಲ ಚೌಕದಲ್ಲಿ ಎರಡು ವಸ್ತುಗಳನ್ನು ಬರೆಯಿರಿ. ಒಂದು ಟೆಟನಸ್ ಟಾಕ್ಸಾಯ್ಡ್. ಧನುರ್ವಾಯು ಬ್ಯಾಕ್ಟೀರಿಯಾ ಸ್ರವಿಸುವ ವಿಷವನ್ನು ಫಾರ್ಮಾಲ್ಡಿಹೈಡ್‌ನಿಂದ ನಿರ್ವಿಷಗೊಳಿಸಿದರೆ ಸಿಗುವ ಪ್ರೋಟೀನ್ ಇದು. ಇನ್ನೊಂದು ಅಲ್ಯೂಮಿನಿಯಂ ಲವಣ. ಈ ಎರಡನೆಯದನ್ನು ಬಹಳ ಮಂದಿ ಬರೆಯುವುದೇ ಇಲ್ಲ, ಬರಿಯ ಭರ್ತಿ ಪದಾರ್ಥವೆಂದು ಬಿಟ್ಟುಬಿಡುತ್ತಾರೆ. ಅದನ್ನು ಬಿಟ್ಟರೆ ಮುಂದಿನ ಯಾವ ಬಾಣಕ್ಕೂ ಅರ್ಥವಿರುವುದಿಲ್ಲ.

ಶುದ್ಧ ಪ್ರೋಟೀನನ್ನು ಮಾತ್ರ ಚುಚ್ಚಿದರೆ ದೇಹ ಅದನ್ನು ಹೆಚ್ಚುಕಡಿಮೆ ಕಡೆಗಣಿಸುತ್ತದೆ. ಅಲ್ಯೂಮಿನಿಯಂ ಲವಣಕ್ಕೆ ಅಂಟಿಸಿ ಚುಚ್ಚಿದರೆ ಪ್ರತಿಕ್ರಿಯೆ ಜೋರಾಗುತ್ತದೆ ಎಂಬುದನ್ನು ಇಂಗ್ಲೆಂಡಿನ ಅಲೆಕ್ಸಾಂಡರ್ ಗ್ಲೆನಿ 1926ರಲ್ಲೇ ಕಂಡುಕೊಂಡಿದ್ದರು. ಹೀಗೇಕೆ ಎಂಬ ಪ್ರಶ್ನೆಯನ್ನು ಸರಿಯಾಗಿ ಎತ್ತಿದವರು ಚಾರ್ಲ್ಸ್ ಜೇನ್‌ವೇ, ಅದೂ 1989ರಲ್ಲಿ. ಇಂಥ ಪೂರಕಗಳ ಬಳಕೆಯನ್ನು ಅವರು ತಮ್ಮ ಕ್ಷೇತ್ರದವರ ಕೊಳಕು ಗುಟ್ಟು ಎಂದೇ ಕರೆದರು. ಹೊರಗಿನ ವಸ್ತು ಎಂಬುದಷ್ಟೇ ಸಾಲದು, ಅದರ ಜೊತೆ ಅಪಾಯದ ಸುಳಿವೂ ಬರಬೇಕು, ಆ ಸುಳಿವನ್ನು ಓದುವುದು ಸಹಜ ರೋಗನಿರೋಧಕತೆಯ ಕೋಶಗಳು ಎಂಬುದು ಅವರ ವಾದ. ಮುಂದೆ ಟೋಲ್ ಗ್ರಾಹಕಗಳು, ಅಂದರೆ ಅಂಥ ಸುಳಿವನ್ನು ಹಿಡಿಯುವ ಅಣುಗಳು, ಸಿಕ್ಕಾಗ ಅದು ನಿಜವಾಯಿತು.

ನಮ್ಮ ಪ್ರಸಂಗದಲ್ಲಿ ಆ ಸುಳಿವು ಬರುವುದು ಸೂಜಿಯ ಗಾಯದಿಂದ ಮತ್ತು ಅಲ್ಯೂಮಿನಿಯಂ ಕಣಗಳು ನೋಯಿಸಿದ ಕೋಶಗಳಿಂದ. ಅಲ್ಯೂಮಿನಿಯಂ ನಿಖರವಾಗಿ ಯಾವ ದಾರಿಯಲ್ಲಿ ಕೆಲಸ ಮಾಡುತ್ತದೆ ಎಂಬ ಚರ್ಚೆ ಇನ್ನೂ ಮುಗಿದಿಲ್ಲ. ಕಣ್ಣಿಗೆ ಕಾಣುವ ಪರಿಣಾಮ ಮಾತ್ರ ಸ್ಪಷ್ಟ: ಗಂಟೆಗಳೊಳಗೆ ನ್ಯೂಟ್ರೊಫಿಲ್, ಮೊನೊಸೈಟ್ ಎಂಬ ಬಿಳಿ ರಕ್ತಕಣಗಳು ಆ ಜಾಗಕ್ಕೆ ಬಂದು ಸೇರುತ್ತವೆ, ತೋಳು ಬಿಸಿಯಾಗಿ ನೋಯುತ್ತದೆ. ಲಸಿಕೆ ಹಾಕಿಸಿಕೊಂಡವರು ಗೊಣಗುವ ಆ ನೋವು ನಮ್ಮ ಹಾಳೆಯ ಮೊದಲ ಬಾಣ.

ಹಂತ 2: ಒಬ್ಬ ಪ್ರಯಾಣಿಕನನ್ನು ಹೊರಡಿಸಿ

ಈಗ ಡೆಂಡ್ರಿಟಿಕ್ ಕೋಶವನ್ನು ಬರೆಯಿರಿ. ಮರದ ಕೊಂಬೆಗಳಂಥ ಚಾಚುಗಳಿರುವ ಈ ಕೋಶವನ್ನು ರಾಲ್ಫ್ ಸ್ಟೈನ್‌ಮನ್ ಮತ್ತು ಜಾನ್‌ವಿಲ್ ಕೋನ್ 1973ರಲ್ಲಿ ವಿವರಿಸಿದರು. ಬಹುಕಾಲ ಇದರ ಮಹತ್ವವನ್ನು ಯಾರೂ ಅಷ್ಟಾಗಿ ಒಪ್ಪಲಿಲ್ಲ. 2011ರಲ್ಲಿ ನೊಬೆಲ್ ಘೋಷಣೆಯಾಗುವ ಮೂರು ದಿನ ಮುಂಚೆ ಸ್ಟೈನ್‌ಮನ್ ತೀರಿಕೊಂಡಿದ್ದರು. ಮರಣೋತ್ತರವಾಗಿ ಕೊಡಬಾರದೆಂಬ ನಿಯಮವಿದ್ದರೂ, ನಿರ್ಧಾರ ಮಾಡುವಾಗ ವಿಷಯ ಗೊತ್ತಿರಲಿಲ್ಲವೆಂದು ಸಮಿತಿ ಪ್ರಶಸ್ತಿಯನ್ನು ಉಳಿಸಿಕೊಟ್ಟಿತು.

ಅಂಗಾಂಶದಲ್ಲಿ ಕುಳಿತಿರುವಾಗ ಈ ಕೋಶಕ್ಕೆ ನುಂಗುವುದೇ ಕೆಲಸ. ಅಪಾಯದ ಸುಳಿವು ಸಿಕ್ಕ ಕೂಡಲೇ ಅದರ ಸ್ವಭಾವ ಬದಲಾಗುತ್ತದೆ. ನುಂಗುವುದು ಕಡಿಮೆಯಾಗುತ್ತದೆ. ಮೈಮೇಲೆ ಸಿಸಿಆರ್7 ಎಂಬ ಗ್ರಾಹಕ ಮೂಡುತ್ತದೆ. ದುಗ್ಧನಾಳ ಮತ್ತು ದುಗ್ಧಗ್ರಂಥಿಯ ಟಿ ವಲಯ ಸ್ರವಿಸುವ ರಾಸಾಯನಿಕಗಳ ಜಾಡನ್ನು ಆ ಗ್ರಾಹಕ ಹಿಡಿಯುತ್ತದೆ. ಜೊತೆಗೆ ಬಿ7 ಎಂಬ ಅಣುಗಳು ಮೈತುಂಬ ಏಳುತ್ತವೆ. ಇದನ್ನು ಹಾಳೆಯಲ್ಲಿ ಬೇರೆ ಬಣ್ಣದಲ್ಲಿ ಗುರುತಿಸಿ, ಹಂತ 5ರಲ್ಲಿ ಬೇಕಾಗುತ್ತದೆ.

ತೋಳಿನಿಂದ ಕಂಕುಳಿಗೆ ಎರಡು ಬಾಣಗಳನ್ನು ಎಳೆಯಬೇಕು. ಒಂದು ವೇಗದ್ದು: ಬಿಡಿ ಟಾಕ್ಸಾಯ್ಡ್ ಅಣುಗಳು ದುಗ್ಧರಸದಲ್ಲಿ ತೇಲಿ ಕೆಲವೇ ಗಂಟೆಗಳಲ್ಲಿ ಗ್ರಂಥಿಯನ್ನು ಮುಟ್ಟುತ್ತವೆ. ಇನ್ನೊಂದು ನಿಧಾನದ್ದು: ಟಾಕ್ಸಾಯ್ಡ್ ನುಂಗಿದ ಡೆಂಡ್ರಿಟಿಕ್ ಕೋಶಗಳು ಒಂದೆರಡು ದಿನಗಳಲ್ಲಿ ತಲುಪುತ್ತವೆ. ಮೊದಲ ಬಾಣದ ತುದಿ ಫಾಲಿಕಲ್ ಕಡೆಗೆ, ಎರಡನೆಯದರ ತುದಿ ಟಿ ವಲಯಕ್ಕೆ. ಒಂದೇ ಬಾಣ ಎಳೆದು ಮುಗಿಸಿದವರಿಗೆ ಹಂತ 6 ಅರ್ಥವಾಗುವುದಿಲ್ಲ.

ಹಂತ 3: ಪ್ರೋಟೀನನ್ನು ತುಂಡು ಮಾಡಿ ತಟ್ಟೆಯಲ್ಲಿಡಿ

ಟಿ ಕೋಶ ಇಡೀ ಟಾಕ್ಸಾಯ್ಡನ್ನು ಕಾಣಲಾರದು. ಅದಕ್ಕೆ ಕಾಣುವುದು ಇನ್ನೊಂದು ಕೋಶದ ಮೇಲಿನ ಎಂಎಚ್‌ಸಿ ಎಂಬ ಅಣುವಿನ ಗುಳಿಯಲ್ಲಿ ಕುಳಿತ ಸಣ್ಣ ಪೆಪ್ಟೈಡ್, ಅಂದರೆ ಪ್ರೋಟೀನಿನ ತುಂಡು, ಮಾತ್ರ. ಸ್ವಂತದ ಎಂಎಚ್‌ಸಿಯಲ್ಲಿ ಕೂತಿದ್ದರೆ ಮಾತ್ರ ಗುರುತು ಹಿಡಿಯುತ್ತದೆ ಎಂಬುದನ್ನು ರಾಲ್ಫ್ ಜಿಂಕರ್‌ನಾಗೆಲ್ ಮತ್ತು ಪೀಟರ್ ಡೊಹರ್ಟಿ 1974ರಲ್ಲಿ ಕ್ಯಾನ್‌ಬೆರಾದಲ್ಲಿ ತೋರಿಸಿದರು. 1996ರ ನೊಬೆಲ್ ಅದಕ್ಕೇ ಬಂತು.

ಧನುರ್ವಾಯು ವಿಷದ ಸರಪಳಿಯಲ್ಲಿ ಸುಮಾರು 1,315 ಅಮೈನೊ ಆಮ್ಲಗಳಿವೆ. ಡೆಂಡ್ರಿಟಿಕ್ ಕೋಶ ಅದನ್ನು ತನ್ನೊಳಗಿನ ಆಮ್ಲೀಯ ಚೀಲಗಳಲ್ಲಿ ಕತ್ತರಿಸುತ್ತದೆ. ಹೊರಗಿನಿಂದ ನುಂಗಿದ ಪ್ರೋಟೀನ್ ಆದ್ದರಿಂದ ತುಂಡುಗಳು ಎರಡನೆಯ ವರ್ಗದ ಎಂಎಚ್‌ಸಿಯಲ್ಲಿ ಕೂರುತ್ತವೆ, ಉದ್ದ ಸಾಮಾನ್ಯವಾಗಿ 13ರಿಂದ 25 ಅಮೈನೊ ಆಮ್ಲ. ಎಂಎಚ್‌ಸಿಯ ನಮೂನೆ ಒಬ್ಬೊಬ್ಬರಲ್ಲಿ ಒಂದೊಂದು ಥರ, ಹಾಗಾಗಿ ಯಾವ ತುಂಡು ಕೂರುತ್ತದೆ ಎಂಬುದೂ ಬೇರೆಬೇರೆ. ಆದರೆ ಈ ವಿಷದ 830ರಿಂದ 844ರವರೆಗಿನ ಹದಿನೈದು ಅಮೈನೊ ಆಮ್ಲಗಳ ತುಂಡು ಬಹಳಷ್ಟು ನಮೂನೆಗಳಲ್ಲಿ ಸಲೀಸಾಗಿ ಕೂರುತ್ತದೆ. ಸಂಶೋಧಕರು ಇದನ್ನು ಬೇರೆ ಪ್ರಾಯೋಗಿಕ ಲಸಿಕೆಗಳಿಗೂ ಜೋಡಿಸಿ ಬಳಸುವುದುಂಟು. ಹಾಳೆಯ ಮೇಲೆ ಡೆಂಡ್ರಿಟಿಕ್ ಕೋಶದ ಅಂಚಿನಲ್ಲಿ ಒಂದು ಬಟ್ಟಲು ಬಿಡಿಸಿ, ಒಳಗೆ 830–844 ಎಂದು ಬರೆಯಿರಿ.

ಹಂತ 4: ಲಕ್ಷಕ್ಕೊಂದನ್ನು ಹುಡುಕುವ ಲೆಕ್ಕ

ಇಲ್ಲಿ ಸ್ವಲ್ಪ ನಿಲ್ಲಿ. ಪ್ರತಿ ಟಿ ಕೋಶ ಥೈಮಸ್‌ನಲ್ಲಿ ಬೆಳೆಯುವಾಗಲೇ ತನ್ನ ಗ್ರಾಹಕದ ವಂಶವಾಹಿ ತುಂಡುಗಳನ್ನು ಕಲೆಸಿ ಜೋಡಿಸಿಕೊಂಡಿರುತ್ತದೆ. ಇಂಥ ಮರುಜೋಡಣೆ ನಡೆಯುತ್ತದೆ ಎಂಬುದನ್ನು ಪ್ರತಿಕಾಯದ ವಂಶವಾಹಿಗಳಲ್ಲಿ ಮೊದಲು ತೋರಿಸಿದವರು ಸುಸುಮು ತೊನೆಗಾವಾ. ಒಂದು ಕೋಶಕ್ಕೆ ಒಂದೇ ಬಗೆಯ ಗ್ರಾಹಕ, ಅದೂ ರೋಗಾಣು ಬರುವ ಮೊದಲೇ ನಿಗದಿ. ಹಾಗಾಗಿ ಯಾವುದೇ ಒಂದು ಪೆಪ್ಟೈಡನ್ನು ಗುರುತಿಸಬಲ್ಲ ಹೊಸ ಟಿ ಕೋಶಗಳು ಲಕ್ಷಕ್ಕೊಂದು, ಕೆಲವೊಮ್ಮೆ ಹತ್ತು ಲಕ್ಷಕ್ಕೊಂದು. ಆ ಅಪರೂಪದ ಕೋಶ ನಮ್ಮ ಗರ್ಭಿಣಿಯ ದೇಹದಲ್ಲಿ ಎಲ್ಲಿದೆಯೋ ಏನೋ. ತೋಳಿನ ಗಾಯದಲ್ಲಿ ಅದಕ್ಕಾಗಿ ಕಾದು ಕುಳಿತರೆ ಎಂದೂ ಸಿಗದು.

ದುಗ್ಧಗ್ರಂಥಿ ಇರುವುದು ಈ ತೊಡಕಿಗೆ ಉತ್ತರವಾಗಿ. ಹೊಸ ಟಿ ಕೋಶಗಳು ಇಡೀ ದಿನ ರಕ್ತದಿಂದ ಗ್ರಂಥಿಗೆ, ಗ್ರಂಥಿಯಿಂದ ದುಗ್ಧರಸದ ಮೂಲಕ ಮತ್ತೆ ರಕ್ತಕ್ಕೆ ಸುತ್ತುತ್ತಿರುತ್ತವೆ. ಒಂದು ಗ್ರಂಥಿಯಲ್ಲಿ ಅರ್ಧ ದಿನವೋ ಒಂದು ದಿನವೋ ಇದ್ದು, ಬೇಕಾದ್ದು ಸಿಗದಿದ್ದರೆ ಮುಂದಿನದಕ್ಕೆ ಹೋಗುತ್ತವೆ. ಒಳಗೆ ನಿಮಿಷಕ್ಕೆ ಹತ್ತು ಹನ್ನೆರಡು ಮೈಕ್ರೊಮೀಟರ್ ವೇಗದಲ್ಲಿ ಗೊತ್ತುಗುರಿಯಿಲ್ಲದೆ ಅಲೆಯುತ್ತವೆ, ಅಂದರೆ ತಮ್ಮ ಮೈಯಗಲಕ್ಕಿಂತ ಹೆಚ್ಚು ದೂರ. ಡೆಂಡ್ರಿಟಿಕ್ ಕೋಶ ಚಾಚುಗಳನ್ನು ಹರಡಿ ನಿಂತು ಗಂಟೆಗೆ ನೂರಾರು ಟಿ ಕೋಶಗಳನ್ನು ಮುಟ್ಟಿನೋಡುತ್ತದೆ. ಕೆಲವು ಅಂದಾಜುಗಳಲ್ಲಿ ಈ ಸಂಖ್ಯೆ ಸಾವಿರಾರು. ಗ್ರಂಥಿಗೆ ಡೆಂಡ್ರಿಟಿಕ್ ಕೋಶಗಳು ಬಂದಾಗ ಟಿ ಕೋಶಗಳು ಹೊರಹೋಗುವ ಬಾಗಿಲೂ ಕೆಲಕಾಲ ಮುಚ್ಚಿಕೊಳ್ಳುತ್ತದೆ. ಕಂಕುಳಿನಲ್ಲಿ ಗಡ್ಡೆಯಂತೆ ಊದಿದ್ದು ಕೈಗೆ ಸಿಕ್ಕರೆ ಅದಕ್ಕೆ ಇದೂ ಒಂದು ಕಾರಣ.

ಸರಿಯಾದ ಜೋಡಿ ಸಿಕ್ಕಾಗಲೂ ಕೂಡಲೇ ಅಂಟಿಕೊಳ್ಳುವುದಿಲ್ಲ. ಜೀವಂತ ಇಲಿಗಳ ಗ್ರಂಥಿಯೊಳಗೆ ಸೂಕ್ಷ್ಮದರ್ಶಕ ಇಳಿಸಿ ನೋಡಿದವರು 2004ರಲ್ಲಿ ವರದಿ ಮಾಡಿದ್ದು ಹೀಗೆ: ಮೊದಲ ಎಂಟು ಗಂಟೆ ಚುಟುಕು ಭೇಟಿಗಳು, ಮುಟ್ಟುವುದು, ಬಿಡುವುದು. ಮುಂದಿನ ಸುಮಾರು ಹನ್ನೆರಡು ಗಂಟೆ ಗಟ್ಟಿಯಾದ ಅಪ್ಪುಗೆ. ಆಮೇಲೆ ಟಿ ಕೋಶ ಬಿಡಿಸಿಕೊಂಡು ಹೊರಟು ಇಬ್ಭಾಗವಾಗತೊಡಗುತ್ತದೆ. ನಿಮ್ಮ ಬಾಣದ ಪಕ್ಕ ಈ ಮೂರು ಅವಧಿಗಳನ್ನು ಬರೆದುಕೊಳ್ಳಿ. ಟಿ ಕೋಶ ಸಕ್ರಿಯವಾಗುವುದು ಸ್ವಿಚ್ ಒತ್ತಿದಂತೆ ಅಲ್ಲ ಎಂಬುದು ಇದರಿಂದ ತಿಳಿಯುತ್ತದೆ.

ಹಂತ 5: ಮೂರು ಸಂಕೇತಗಳು, ಅವುಗಳಲ್ಲಿ ಎರಡನೆಯದು

ಆ ಅಪ್ಪುಗೆಯಲ್ಲಿ ಏನು ನಡೆಯುತ್ತದೆ ಎಂಬುದಕ್ಕೆ ಡೆಂಡ್ರಿಟಿಕ್ ಕೋಶದಿಂದ ಟಿ ಕೋಶಕ್ಕೆ ಒಂದರ ಕೆಳಗೊಂದು ಮೂರು ಗೆರೆ ಎಳೆಯಿರಿ.

ಮೊದಲನೆಯದು, ಟಿ ಕೋಶದ ಗ್ರಾಹಕ ಪೆಪ್ಟೈಡ್ ಕೂತ ಬಟ್ಟಲನ್ನು ಹಿಡಿಯುವುದು. ಸಿಡಿ4 ಅಣು ಪಕ್ಕದಿಂದ ಎಂಎಚ್‌ಸಿಯನ್ನು ಆನಿಸಿಕೊಳ್ಳುತ್ತದೆ. ಎರಡನೆಯದು, ಟಿ ಕೋಶದ ಸಿಡಿ28 ಅಣು ಡೆಂಡ್ರಿಟಿಕ್ ಕೋಶದ ಬಿ7 ಅಣುವನ್ನು ಹಿಡಿಯುವುದು. ಮೂರನೆಯದು, ಡೆಂಡ್ರಿಟಿಕ್ ಕೋಶ ಸ್ರವಿಸುವ ಸೈಟೊಕೈನ್‌ಗಳು, ಅಂದರೆ ಸಂದೇಶ ಒಯ್ಯುವ ಪ್ರೋಟೀನ್‌ಗಳು. ಮುಂದೆ ಯಾವ ಬಗೆಯ ಕೆಲಸಕ್ಕೆ ಇಳಿಯಬೇಕೆಂದು ಅವು ತಿಳಿಸುತ್ತವೆ.

ಬ್ಯಾಂಕಿನ ಲಾಕರ್ ನೋಡಿದವರಿಗೆ ಎರಡನೆಯ ಸಂಕೇತವನ್ನು ಬಿಡಿಸಿ ಹೇಳಬೇಕಾಗಿಲ್ಲ. ಗ್ರಾಹಕರ ಕೀಲಿ ಒಂದು, ವ್ಯವಸ್ಥಾಪಕರ ಕೀಲಿ ಇನ್ನೊಂದು, ಎರಡೂ ತಿರುಗದೆ ಬಾಗಿಲು ತೆರೆಯದು. ಮೊದಲ ಕೀಲಿ ಹೇಳುವುದು ಇದು ಯಾವ ವಸ್ತು ಎಂದು. ಎರಡನೆಯದು ಹೇಳುವುದು ಇದರ ಜೊತೆ ಅಪಾಯ ಕಂಡಿದೆ ಎಂದು. ಬಿ7 ಮೈಮೇಲೆ ಎದ್ದದ್ದು ತೋಳಿನಲ್ಲಿ ಗಲಾಟೆಯಾದ್ದರಿಂದಲೇ ಅಲ್ಲವೇ? ಹಂತ 1ರ ಅಲ್ಯೂಮಿನಿಯಂನಿಂದ ಈ ಗೆರೆಯವರೆಗೆ ಚುಕ್ಕಿಗೆರೆ ಎಳೆಯಿರಿ. ಹಾಳೆಯ ಉಳಿದೆಲ್ಲ ಬಾಣಗಳು ಈ ಚುಕ್ಕಿಗೆರೆಗೆ ಜೋತುಬಿದ್ದಿವೆ.

ಎರಡು ಸಂಕೇತಗಳ ಅಗತ್ಯವಿದೆ ಎಂಬ ವಿಚಾರವನ್ನು ಪೀಟರ್ ಬ್ರೆಚರ್ ಮತ್ತು ಮೆಲ್ವಿನ್ ಕೋನ್ 1970ರಲ್ಲಿ, ಬಿ ಕೋಶಗಳ ವಿಷಯದಲ್ಲಿ, ಮುಂದಿಟ್ಟರು. ಟಿ ಕೋಶಕ್ಕೆ ಮೊದಲ ಸಂಕೇತ ಮಾತ್ರ ಸಿಕ್ಕರೆ ಅದು ಸುಮ್ಮನೆ ಹಿಂದಿರುಗುವುದಿಲ್ಲ, ಜಡವಾಗುತ್ತದೆ. ಮುಂದೆ ಎರಡೂ ಸಂಕೇತ ಸಿಕ್ಕರೂ ಏಳುವುದು ಕಷ್ಟ. ಮಾರ್ಕ್ ಜೆಂಕಿನ್ಸ್ ಮತ್ತು ರೊನಾಲ್ಡ್ ಶ್ವಾರ್ಟ್ಸ್ 1987ರಲ್ಲಿ ಇದನ್ನು ಪ್ರಯೋಗದಲ್ಲಿ ತೋರಿಸಿದರು. ನಮ್ಮದೇ ಪ್ರೋಟೀನ್‌ಗಳನ್ನು ಗುರುತಿಸುವ, ಥೈಮಸ್‌ನ ಸೋಸುವಿಕೆಯಿಂದ ನುಸುಳಿಕೊಂಡ ಟಿ ಕೋಶಗಳು ತಣ್ಣಗಿರುವುದಕ್ಕೆ ಇದೊಂದು ಕಾರಣ. ಇನ್ನೊಂದು ಕಾರಣ ನಿಯಂತ್ರಕ ಟಿ ಕೋಶಗಳು. 2025ರ ವೈದ್ಯಕೀಯ ನೊಬೆಲ್ ಅವುಗಳನ್ನು ಗುರುತಿಸಿದ ಶಿಮೊನ್ ಸಕಾಗುಚಿ, ಮೇರಿ ಬ್ರಂಕೋ, ಫ್ರೆಡ್ ರಾಮ್ಸ್‌ಡೆಲ್ ಅವರಿಗೆ ಸಂದಿತು.

ಎರಡನೆಯ ಕೀಲಿಯನ್ನು ಹುಡುಗಾಟಕ್ಕೆ ತಿರುಗಿಸಬಾರದು ಎಂಬುದಕ್ಕೆ ಒಂದು ಕಹಿ ಉದಾಹರಣೆಯಿದೆ. 2006ರ ಮಾರ್ಚ್‌ನಲ್ಲಿ ಲಂಡನ್ನಿನಲ್ಲಿ ಟಿಜಿಎನ್1412 ಎಂಬ ಪ್ರತಿಕಾಯ ಔಷಧವನ್ನು ಆರು ಮಂದಿ ಆರೋಗ್ಯವಂತ ಸ್ವಯಂಸೇವಕರಿಗೆ ಕೊಟ್ಟರು. ಮೊದಲ ಸಂಕೇತದ ಹಂಗಿಲ್ಲದೆ ಅದು ಸಿಡಿ28 ಅನ್ನು ನೇರವಾಗಿ ಕೆರಳಿಸುತ್ತಿತ್ತು. ಕೆಲವೇ ಗಂಟೆಗಳಲ್ಲಿ ಆರೂ ಜನ ಸೈಟೊಕೈನ್ ಬಿರುಗಾಳಿಗೆ ಸಿಕ್ಕಿ ತೀವ್ರ ನಿಗಾ ಘಟಕ ಸೇರಿದರು. ಇದಕ್ಕೆ ತದ್ವಿರುದ್ಧವಾಗಿ, ಸಂಧಿವಾತಕ್ಕೆ ಕೊಡುವ ಅಬಾಟಸೆಪ್ಟ್ ಬಿ7 ಅನ್ನು ಮುಚ್ಚಿಹಾಕಿ ಎರಡನೆಯ ಸಂಕೇತವನ್ನು ತಡೆಯುತ್ತದೆ. ಅಂಗಾಂಗ ಕಸಿಯಾದವರು ನುಂಗುವ ಸೈಕ್ಲೊಸ್ಪೊರಿನ್ ಮೊದಲ ಸಂಕೇತದ ಒಳದಾರಿಯನ್ನು ಕಡಿಯುತ್ತದೆ. ಈ ಮೂರನ್ನೂ ಹಾಳೆಯ ಮೇಲೆ ಆಯಾ ಗೆರೆಯ ಪಕ್ಕ ಬರೆಯಿರಿ. ಔಷಧಶಾಸ್ತ್ರದ ಪಾಠ ಓದುವಾಗ ಉಪಯೋಗಕ್ಕೆ ಬರುತ್ತದೆ.

ಮರಳುವ ಬಾಣವನ್ನು ಮರೆಯಬೇಡಿ. ಸಕ್ರಿಯವಾಗುತ್ತಿರುವ ಟಿ ಕೋಶ ಸಿಡಿ40 ಲೈಗ್ಯಾಂಡ್ ಎಂಬ ಅಣುವನ್ನು ಹೊರಗೆ ತರುತ್ತದೆ, ಅದು ಡೆಂಡ್ರಿಟಿಕ್ ಕೋಶದ ಸಿಡಿ40ಕ್ಕೆ ಸಿಕ್ಕಿಕೊಳ್ಳುತ್ತದೆ. ಇದರಿಂದ ಡೆಂಡ್ರಿಟಿಕ್ ಕೋಶದ ಬಿ7 ಇನ್ನಷ್ಟು ಹೆಚ್ಚುತ್ತದೆ.

ಇಷ್ಟಾದ ಮೇಲೆ ಟಿ ಕೋಶ ಇಂಟರ್‌ಲ್ಯೂಕಿನ್-2 ತಯಾರಿಸಿ, ಅದನ್ನು ತಾನೇ ಹೀರಿ, ದಿನಕ್ಕೆ ಎರಡು ಮೂರು ಬಾರಿ ಇಬ್ಭಾಗವಾಗುತ್ತ ನಾಲ್ಕೈದು ದಿನಗಳಲ್ಲಿ ಸಾವಿರಾರು ಆಗುತ್ತದೆ. ಮೂರನೆಯ ಸಂಕೇತಕ್ಕೆ ತಕ್ಕಂತೆ ಮರಿಗಳು ಕವಲೊಡೆಯುತ್ತವೆ. ನಮಗೆ ಬೇಕಾದ ಕವಲು ಫಾಲಿಕಲ್‌ನ ಸಹಾಯಕ ಟಿ ಕೋಶ. ಉಳಿದವುಗಳ ಹೆಸರನ್ನು ಪಠ್ಯಪುಸ್ತಕದಲ್ಲಿ ನೋಡಿಕೊಳ್ಳಿ.

ಹಂತ 6: ಗಡಿಯಲ್ಲಿ ಬಿ ಕೋಶದ ಭೇಟಿ

ಇಡೀ ಹಾಳೆಯಲ್ಲಿ ನನಗೆ ಅತ್ಯಂತ ಇಷ್ಟದ ಭಾಗ ಇದು. ಅವಸರ ಮಾಡದೆ ಬಿಡಿಸಿ.

ಮೊದಲ ವೇಗದ ಬಾಣವನ್ನು ನೆನಪಿಸಿಕೊಳ್ಳಿ. ದುಗ್ಧರಸದಲ್ಲಿ ತೇಲಿಬಂದ ಟಾಕ್ಸಾಯ್ಡ್ ಫಾಲಿಕಲ್‌ಗೆ ತಲುಪಿತ್ತು. ಅಲ್ಲಿ ಅದಕ್ಕೆ ಹೊಂದುವ ಒಂದು ಬಿ ಕೋಶವಿದೆ. ಬಿ ಕೋಶಕ್ಕೆ ಬಟ್ಟಲು ಬೇಕಿಲ್ಲ, ಅದು ಅಣುವಿನ ಇಡೀ ಆಕಾರವನ್ನೇ ಹಿಡಿಯುತ್ತದೆ. ನಮ್ಮ ಬಿ ಕೋಶ ವಿಷದ ಬಾಲದ ಭಾಗವನ್ನು ಹಿಡಿದಿದೆ ಎಂದಿಟ್ಟುಕೊಳ್ಳಿ. ಸರಪಳಿಯ 865ರಿಂದ ಕೊನೆಯವರೆಗಿನ ಆ ಭಾಗದಿಂದಲೇ ವಿಷ ನರಕೋಶಕ್ಕೆ ಅಂಟಿಕೊಳ್ಳುವುದು. ಅದನ್ನು ಮುಚ್ಚಿದರೆ ವಿಷ ನಿಷ್ಫಲ.

ಈಗ ಸಂಖ್ಯೆಗಳನ್ನು ನೋಡಿ. ಟಿ ಕೋಶ ಗುರುತಿಸುವುದು 830–844. ಬಿ ಕೋಶ ಹಿಡಿಯುವುದು 865ರಿಂದಾಚೆ. ಇಬ್ಬರೂ ನೋಡುತ್ತಿರುವುದು ಬೇರೆ ಬೇರೆ ಜಾಗವನ್ನು. ಹಾಗಿದ್ದರೂ ಒಬ್ಬರನ್ನೊಬ್ಬರು ಹೇಗೆ ಪತ್ತೆ ಮಾಡುತ್ತಾರೆ? ಬಿ ಕೋಶ ಬಾಲ ಹಿಡಿದು ಇಡೀ ಅಣುವನ್ನು ಒಳಗೆಳೆದುಕೊಳ್ಳುತ್ತದೆ. ಒಳಗೆ ಕತ್ತರಿಸಿ, 830–844ರ ತುಂಡನ್ನು ತನ್ನ ಎಂಎಚ್‌ಸಿ ಬಟ್ಟಲಲ್ಲಿಟ್ಟು ಹೊರಗೆ ತೋರಿಸುತ್ತದೆ. ಡೆಂಡ್ರಿಟಿಕ್ ಕೋಶ ತೋರಿಸಿದ್ದೂ ಅದೇ ತುಂಡು. ಹೀಗಾಗಿ ಅಲ್ಲಿ ತರಬೇತಾದ ಟಿ ಕೋಶ ಇಲ್ಲಿ ಈ ಬಿ ಕೋಶವನ್ನು ಗುರುತಿಸುತ್ತದೆ.

ಭೇಟಿಯ ಜಾಗ ಗಡಿರೇಖೆ. ಬಿ ಕೋಶ ಸಿಸಿಆರ್7 ಹೆಚ್ಚಿಸಿಕೊಂಡು ಟಿ ವಲಯದತ್ತ ಸರಿಯುತ್ತದೆ, ಟಿ ಕೋಶ ಸಿಎಕ್ಸ್‌ಸಿಆರ್5 ಎಂಬ ಇನ್ನೊಂದು ಗ್ರಾಹಕ ಮೂಡಿಸಿಕೊಂಡು ಫಾಲಿಕಲ್ ಕಡೆಗೆ. ಅಲ್ಲಿ ಬಿ ಕೋಶ ಪೆಪ್ಟೈಡ್ ತೋರಿಸುತ್ತದೆ. ಟಿ ಕೋಶ ಮರಳಿ ಸಿಡಿ40 ಲೈಗ್ಯಾಂಡ್ ಮತ್ತು ಇಂಟರ್‌ಲ್ಯೂಕಿನ್-21ರಂಥ ಸೈಟೊಕೈನ್ ಕೊಡುತ್ತದೆ. ಬಿ ಕೋಶಕ್ಕೆ ಎರಡನೆಯ ಒಪ್ಪಿಗೆ ಸಿಕ್ಕಿತು.

ಈ ವ್ಯವಹಾರದಿಂದ ಎಂಥ ಉಪಯೋಗ ತೆಗೆಯಬಹುದು ಎಂಬುದಕ್ಕೆ ನಮ್ಮಲ್ಲೇ ನಿದರ್ಶನವಿದೆ. ಟೈಫಾಯ್ಡ್ ಬ್ಯಾಕ್ಟೀರಿಯಾದ ಹೊದಿಕೆ ಸಕ್ಕರೆಯ ಸರಪಳಿ. ಬಿ ಕೋಶ ಅದನ್ನು ಹಿಡಿಯಬಲ್ಲದು, ಆದರೆ ಸಕ್ಕರೆಯಿಂದ ಪೆಪ್ಟೈಡ್ ಹುಟ್ಟದು, ಹಾಗಾಗಿ ಟಿ ಕೋಶದ ಸಹಾಯ ಸಿಗದು. ಎರಡು ವರ್ಷದೊಳಗಿನ ಮಕ್ಕಳಲ್ಲಿ ಬರಿಯ ಸಕ್ಕರೆಯ ಲಸಿಕೆ ಕೆಲಸಕ್ಕೆ ಬಾರದೆ ಹೋಗುತ್ತಿದ್ದುದು ಇದರಿಂದ. ಹೈದರಾಬಾದಿನ ಭಾರತ್ ಬಯೋಟೆಕ್ ಆ ಸಕ್ಕರೆಯನ್ನು ಟೆಟನಸ್ ಟಾಕ್ಸಾಯ್ಡ್‌ಗೆ ಬೆಸೆದು ಟೈಪ್‌ಬಾರ್ ಟಿಸಿವಿ ಎಂಬ ಲಸಿಕೆ ಮಾಡಿತು. ಸಕ್ಕರೆ ಹಿಡಿದ ಬಿ ಕೋಶ ಜೊತೆಗೇ ಟಾಕ್ಸಾಯ್ಡನ್ನೂ ನುಂಗುತ್ತದೆ, ಟಾಕ್ಸಾಯ್ಡ್ ಪೆಪ್ಟೈಡ್ ತೋರಿಸಿ ಧನುರ್ವಾಯುವಿನ ಟಿ ಕೋಶದಿಂದ ಟೈಫಾಯ್ಡ್‌ಗಾಗಿ ಸಹಾಯ ಪಡೆಯುತ್ತದೆ. ಎರಡನ್ನೂ ಬೆಸೆಯದೆ ಸುಮ್ಮನೆ ಕಲಸಿ ಚುಚ್ಚಿದರೆ ಇದು ನಡೆಯದು. ಏಕೆಂದು ಹಾಳೆ ನೋಡಿ ನೀವೇ ಹೇಳಿ.

ಹಂತ 7: ತಿದ್ದುಪಡಿ ಮತ್ತು ಆಯ್ಕೆ

ಸಹಾಯ ಪಡೆದ ಬಿ ಕೋಶಗಳಲ್ಲಿ ಕೆಲವು ಕೂಡಲೇ ಪ್ರತಿಕಾಯ ಸ್ರವಿಸತೊಡಗುತ್ತವೆ, ಮೊದಮೊದಲು ಹೆಚ್ಚಾಗಿ ಐಜಿಎಂ ಎಂಬ ಬಗೆಯದು. ಇದು ಐದು ಘಟಕಗಳ ದೊಡ್ಡ ಅಣು, ಜರಾಯುವನ್ನು ದಾಟುವುದಿಲ್ಲ. ಮಗುವಿಗೆ ಬೇಕಾದದ್ದು ಐಜಿಜಿ. ಐಜಿಎಂನಿಂದ ಐಜಿಜಿಗೆ ಬದಲಾಗಲು ಸಿಡಿ40 ಸಂಕೇತ ಬೇಕೇಬೇಕು. ಹಳೆಯ ಚಿತ್ರಗಳು ಈ ಬದಲಾವಣೆಯನ್ನು ಜರ್ಮಿನಲ್ ಸೆಂಟರ್, ಅಂದರೆ ಬಿ ಕೋಶಗಳು ಮುಂದೆ ಫಾಲಿಕಲ್‌ನಲ್ಲಿ ಕಟ್ಟುವ ಬೀಡಿನ, ಒಳಗೆ ತೋರಿಸುತ್ತವೆ. ಬಹುಪಾಲು ಅದಕ್ಕೂ ಮುಂಚೆ, ಗಡಿಯ ಭೇಟಿಯ ಹೊತ್ತಿನಲ್ಲೇ ಆಗುತ್ತದೆ ಎಂಬುದು ಇತ್ತೀಚಿನ ತಿಳಿವಳಿಕೆ. ಬಾಣವನ್ನು ಗಡಿಯಲ್ಲೇ ಹಾಕಿ.

ಉಳಿದ ಬಿ ಕೋಶಗಳು ಫಾಲಿಕಲ್‌ಗೆ ಮರಳಿ, ಸುಮಾರು ಒಂದು ವಾರದಲ್ಲಿ ಜರ್ಮಿನಲ್ ಸೆಂಟರ್ ಕಟ್ಟುತ್ತವೆ. ಅಲ್ಲಿ ಎರಡು ಕೋಣೆಗಳನ್ನು ಬಿಡಿಸಿ. ಕತ್ತಲ ಕೋಣೆಯಲ್ಲಿ ಬಿ ಕೋಶಗಳು ವೇಗವಾಗಿ ಇಬ್ಭಾಗವಾಗುತ್ತ, ತಮ್ಮ ಗ್ರಾಹಕದ ವಂಶವಾಹಿಯಲ್ಲಿ ಬೇಕೆಂದೇ ತಪ್ಪುಗಳನ್ನು ಮಾಡಿಕೊಳ್ಳುತ್ತವೆ. ಆಮೇಲೆ ಬೆಳಕಿನ ಕೋಣೆಗೆ ಬಂದು, ಫಾಲಿಕಲ್‌ನ ಡೆಂಡ್ರಿಟಿಕ್ ಕೋಶಗಳು ಮೈಮೇಲೆ ಹಿಡಿದಿಟ್ಟ ಟಾಕ್ಸಾಯ್ಡನ್ನು ಕಿತ್ತುಕೊಳ್ಳಲು ಯತ್ನಿಸುತ್ತವೆ. ಹೆಸರಲ್ಲಿ ಡೆಂಡ್ರಿಟಿಕ್ ಇದ್ದರೂ ಇವು ಹಂತ 2ರವು ಅಲ್ಲ, ಹುಟ್ಟೇ ಬೇರೆ. ಗಟ್ಟಿಯಾಗಿ ಹಿಡಿಯಬಲ್ಲ ಬಿ ಕೋಶ ಹೆಚ್ಚು ಕಿತ್ತುಕೊಳ್ಳುತ್ತದೆ, ಹೆಚ್ಚು ಪೆಪ್ಟೈಡ್ ತೋರಿಸುತ್ತದೆ, ಸಹಾಯಕ ಟಿ ಕೋಶದ ಗಮನ ಅದಕ್ಕೇ ಸಿಗುತ್ತದೆ. ಉಳಿದವು ಅಲ್ಲೇ ಸಾಯುತ್ತವೆ. ಗೆದ್ದವು ಮತ್ತೆ ಕತ್ತಲ ಕೋಣೆಗೆ. ಈ ಸುತ್ತು ವಾರಗಟ್ಟಲೆ ನಡೆಯುತ್ತದೆ.

ಹಂತ 8: ಮಜ್ಜೆಯಲ್ಲಿ ನೆಲೆ

ಜರ್ಮಿನಲ್ ಸೆಂಟರ್‌ನಿಂದ ಎರಡು ಬಾಣ ಹೊರಡಲಿ. ಒಂದು ಸ್ಮೃತಿ ಕೋಶಗಳಿಗೆ, ಇನ್ನೊಂದು ಅಸ್ಥಿಮಜ್ಜೆಗೆ. ಪ್ರತಿಕಾಯ ಸ್ರವಿಸುವುದನ್ನೇ ಕಸುಬಾಗಿಸಿಕೊಂಡ ಬಿ ಕೋಶಕ್ಕೆ ಪ್ಲಾಸ್ಮಾ ಕೋಶ ಎಂದು ಹೆಸರು. ಮಜ್ಜೆ ಸೇರಿದ ಪ್ಲಾಸ್ಮಾ ಕೋಶ ಸೆಕೆಂಡಿಗೆ ಸಾವಿರಾರು ಪ್ರತಿಕಾಯಗಳನ್ನು ಸ್ರವಿಸಬಲ್ಲದು. ಐಜಿಜಿ ಅಣುವಿನ ಅರ್ಧಾಯುಷ್ಯ ರಕ್ತದಲ್ಲಿ ಸುಮಾರು 21 ದಿನ. ಆದರೆ ಟೆಟನಸ್ ಪ್ರತಿಕಾಯದ ಒಟ್ಟು ಮಟ್ಟ ಅರ್ಧಕ್ಕಿಳಿಯಲು ಸುಮಾರು 11 ವರ್ಷ ಬೇಕೆಂದು 2007ರಲ್ಲಿ ಪ್ರಕಟವಾದ ಅಮೆರಿಕದ ಅಧ್ಯಯನ ಕಂಡುಕೊಂಡಿತು. ಈ ಎರಡು ಸಂಖ್ಯೆಗಳ ಅಂತರವೇ ಮಜ್ಜೆಯ ಪ್ಲಾಸ್ಮಾ ಕೋಶಗಳು ಮಾಡುವ ಕೆಲಸ.

ಎರಡನೆಯ ಡೋಸ್‌ನಲ್ಲಿ ಸ್ಮೃತಿ ಕೋಶಗಳು ಕಾದಿರುತ್ತವೆ. ಲಕ್ಷಕ್ಕೊಂದನ್ನು ಹುಡುಕುವ ಗೋಜಿಲ್ಲ. ಮೊದಲ ಬಾರಿ ವಾರಗಳು ಹಿಡಿದದ್ದು ಈಗ ದಿನಗಳಲ್ಲಿ ಆಗುತ್ತದೆ, ಐಜಿಜಿ ಹೆಚ್ಚು, ಹಿಡಿತವೂ ಬಿಗಿ. ತಾಯಂದಿರ ಲಸಿಕೆ ಮತ್ತು ಶುಚಿಯಾದ ಹೆರಿಗೆ ಎರಡೂ ಸೇರಿ, 2015ರಲ್ಲಿ ಭಾರತ ತಾಯಿ ಮತ್ತು ನವಜಾತ ಶಿಶುಗಳ ಧನುರ್ವಾಯುವನ್ನು ನಿವಾರಿಸಿದ ದೇಶವೆಂದು ಮಾನ್ಯತೆ ಪಡೆಯಿತು.

ವೈರಸ್ ಆದರೆ ಹಾಳೆಯಲ್ಲಿ ಏನು ಬದಲಾಗುತ್ತದೆ

ವೈರಸ್ ಕೋಶದೊಳಗೆ ಪ್ರೋಟೀನ್ ತಯಾರಿಸುತ್ತದೆ. ಆ ತುಂಡುಗಳು ಮೊದಲ ವರ್ಗದ ಎಂಎಚ್‌ಸಿಯಲ್ಲಿ, ಎಂಟರಿಂದ ಹತ್ತು ಅಮೈನೊ ಆಮ್ಲಗಳ ಉದ್ದದಲ್ಲಿ ಕೂತು, ಸೋಂಕಿತ ಕೋಶವನ್ನು ಕೊಲ್ಲುವ ಸಿಡಿ8 ಟಿ ಕೋಶಕ್ಕೆ ಕಾಣುತ್ತವೆ. ಅಲ್ಲೂ ಒಪ್ಪಿಗೆಯ ಏರ್ಪಾಡು ತಪ್ಪದು. ಸಹಾಯಕ ಟಿ ಕೋಶ ಸಿಡಿ40 ಮೂಲಕ ಡೆಂಡ್ರಿಟಿಕ್ ಕೋಶವನ್ನು ಬಲಪಡಿಸುತ್ತದೆ, ಬಲಗೊಂಡ ಡೆಂಡ್ರಿಟಿಕ್ ಕೋಶ ಸಿಡಿ8 ಕೋಶವನ್ನು ಎಬ್ಬಿಸುತ್ತದೆ. ಹಂತ 5ರಲ್ಲಿ ಬರೆದ ಮರಳುವ ಬಾಣ ಇಲ್ಲಿ ಉಪಯೋಗಕ್ಕೆ ಬರುತ್ತದೆ.

ಈಗ ರಬ್ಬರ್ ತೆಗೆದುಕೊಳ್ಳಿ

ಕಲಿತದ್ದು ನಿಂತಿದೆಯೇ ಎಂದು ನೋಡಲು ಒಂದೊಂದೇ ಬಾಣ ಅಳಿಸಿ, ಮುಂದೇನಾಗುತ್ತದೆ ಎಂದು ಊಹಿಸಿ, ಆಮೇಲೆ ಕೆಳಗಿನದನ್ನು ಓದಿ.

ಸಿಡಿ40 ಲೈಗ್ಯಾಂಡ್ ಅಳಿಸಿ. ಟಿ ಕೋಶವಿದೆ, ಬಿ ಕೋಶವಿದೆ, ಆದರೆ ಗಡಿಯ ಒಪ್ಪಿಗೆ ಇಲ್ಲ. ಐಜಿಎಂ ಸಹಜವಾಗಿ ಅಥವಾ ಹೆಚ್ಚಾಗಿ ಇರುತ್ತದೆ, ಐಜಿಜಿ, ಐಜಿಎ ತೀರಾ ಕಡಿಮೆ, ಜರ್ಮಿನಲ್ ಸೆಂಟರ್ ಕಟ್ಟುವುದಿಲ್ಲ. ಎಕ್ಸ್ ವರ್ಣತಂತುವಿಗೆ ಸೇರಿದ ಹೈಪರ್ ಐಜಿಎಂ ಎಂಬ ಕಾಯಿಲೆಯ ಗಂಡುಮಕ್ಕಳಲ್ಲಿ ಇರುವುದು ಇದೇ ಚಿತ್ರ. ಈ ವಂಶವಾಹಿಯ ದೋಷ ಗೊತ್ತಾದದ್ದು 1993ರಲ್ಲಿ.

ಸಿಡಿ4 ಟಿ ಕೋಶವನ್ನೇ, ಅಂದರೆ ಸಹಾಯಕ ಟಿ ಕೋಶವನ್ನೇ ಅಳಿಸಿ. ಬಲಗಡೆಯ ಬಾಣಗಳು ಒಂದೊಂದಾಗಿ ಕಳಚುತ್ತವೆ, ಬಿ ಕೋಶ, ಸಿಡಿ8 ಕೋಶ ಎರಡೂ ಸಹಾಯವಿಲ್ಲದೆ ಸೊರಗುತ್ತವೆ. ಚಿಕಿತ್ಸೆ ಸಿಗದ ಎಚ್‌ಐವಿ ಸೋಂಕಿನಲ್ಲಿ ಆಗುವುದು ಇದು.

ಟಾಕ್ಸಾಯ್ಡ್‌ನ ಪ್ರಮಾಣವನ್ನು ತೀರಾ ತಗ್ಗಿಸಿ. ಧನುರ್ವಾಯು ಬಂದು ಬದುಕಿ ಉಳಿದವರಿಗೂ ಲಸಿಕೆ ಕೊಡಬೇಕಾಗುತ್ತದೆ ಎಂದರೆ ಅನೇಕರು ನಂಬುವುದಿಲ್ಲ. ಈ ವಿಷ ಎಷ್ಟು ಉಗ್ರವೆಂದರೆ ಪ್ರಾಣ ತೆಗೆಯುವಷ್ಟು ಪ್ರಮಾಣವೂ ಹಂತ 2, 3ಕ್ಕೆ ಸಾಲುವುದಿಲ್ಲ. ಕಾಯಿಲೆ ಬಂದರೂ ಹಾಳೆ ಖಾಲಿಯೇ ಉಳಿಯುತ್ತದೆ.

ಕೊನೆಯದೊಂದು ಪ್ರಶ್ನೆ. ಎಂದೂ ಲಸಿಕೆ ಹಾಕಿಸಿಕೊಳ್ಳದ ರೈತರೊಬ್ಬರ ಕಾಲಿಗೆ ಸಗಣಿ ಮಣ್ಣು ಮೆತ್ತಿದ ಗುದ್ದಲಿ ಆಳವಾಗಿ ತಗುಲಿದೆ. ವೈದ್ಯರು ಒಂದು ತೋಳಿಗೆ ಲಸಿಕೆ, ಇನ್ನೊಂದು ಕಡೆ ಟೆಟನಸ್ ಇಮ್ಯುನೊಗ್ಲಾಬ್ಯುಲಿನ್ ಬರೆಯುತ್ತಾರೆ. ಎರಡೇಕೆ, ಬೇರೆ ಜಾಗವೇಕೆ? ಹಾಳೆಯ ಪ್ರಕಾರ ಲಸಿಕೆಯಿಂದ ಉಪಯುಕ್ತ ಐಜಿಜಿ ಸಿಗಲು ವಾರಗಳು ಬೇಕು, ಗಾಯದೊಳಗಿನ ವಿಷ ಅಷ್ಟು ದಿನ ಕಾಯದು. ಇಮ್ಯುನೊಗ್ಲಾಬ್ಯುಲಿನ್ ಎಂದರೆ ಬೇರೆಯವರ ಪ್ಲಾಸ್ಮಾ ಕೋಶಗಳು ಮಾಡಿಟ್ಟ ಸಿದ್ಧ ಐಜಿಜಿ, ಅದು ಅಂದೇ ಕೆಲಸಕ್ಕೆ ತೊಡಗುತ್ತದೆ. ಎರಡನ್ನೂ ಒಂದೇ ಕಡೆ ಚುಚ್ಚಿದರೆ ಆ ಪ್ರತಿಕಾಯ ಲಸಿಕೆಯ ಟಾಕ್ಸಾಯ್ಡನ್ನೇ ಹಿಡಿದು ಮುಚ್ಚೀತು. ಆದರೆ ಎರವಲು ಐಜಿಜಿ ಕೆಲವು ವಾರಗಳಲ್ಲಿ ಸವೆದುಹೋಗುತ್ತದೆ, ರೈತರ ಸ್ವಂತ ದುಗ್ಧಗ್ರಂಥಿಯಲ್ಲಿ ಅದು ಒಂದು ಬಾಣವನ್ನೂ ಎಳೆಯುವುದಿಲ್ಲ. ಆ ಕೆಲಸ ಲಸಿಕೆಯದು, ಅದೂ ಒಂದೇ ಡೋಸ್‌ನಿಂದ ಪೂರ್ತಿಯಾಗುವುದಿಲ್ಲ. ಹಾಗಾಗಿ ಗಾಯಕ್ಕೆ ಪಟ್ಟಿ ಕಟ್ಟಿ ಕಳಿಸುವಾಗ ಮುಂದಿನ ಡೋಸ್‌ನ ದಿನಾಂಕವನ್ನೂ ಚೀಟಿಯಲ್ಲಿ ಬರೆದುಕೊಡುತ್ತಾರೆ.